ಹೋರಿಗೆ ನಂಬರು, ಅಪ್ಪನಿಗೆ ಸಹಿ

ಅರಕಲಗೂಡು ತಾಲ್ಲೂಕಿನ ಯಾವ ಹಳ್ಳಿಯ ಕೊಟ್ಟಿಗೆಗೆ ಬೇಕಾದರೂ ಹೋಗಿ, ಅಲ್ಲಿ ಕಟ್ಟಿಹಾಕಿರುವ ಕಪ್ಪು ಬಿಳುಪಿನ ಕರುವನ್ನು ತೋರಿಸಿ 'ಇದರ ಅಪ್ಪ ಯಾರು?' ಎಂದು ಕೇಳಿ. ಯಾರೂ ಮುಖ ಕೆಂಪಗೆ ಮಾಡಿಕೊಳ್ಳುವುದಿಲ್ಲ. ಮನೆಯ ಯಜಮಾನ ಹಸುವಿಗೆ ವೀರ್ಯದ ಕಡ್ಡಿ ಹಾಕಿದವನಿಗೆ ಫೋನು ಮಾಡಿ ಹೋರಿಯ ನಂಬರನ್ನೇ ಹೇಳಿಸಿಯಾನು. ಇದೇ ಪ್ರಶ್ನೆಯನ್ನು ಅದೇ ಮನೆಯ ಜಗುಲಿಯಲ್ಲಿ ಆಡುತ್ತಿರುವ ಮಗುವನ್ನು ತೋರಿಸಿ ಕೇಳಿ ನೋಡಿ. ಕೇಳುವ ಮೊದಲು ಬೈಕು ಸ್ಟಾರ್ಟ್ ಮಾಡಿಟ್ಟುಕೊಂಡಿದ್ದರೆ ಒಳ್ಳೆಯದು.

ಹಾಸನ ಜಿಲ್ಲೆ ಹಾಲು, ಆಲೂಗಡ್ಡೆ, ವಂಶ ಈ ಮೂರನ್ನೂ ಗಂಭೀರವಾಗಿ ತೆಗೆದುಕೊಂಡ ಜಿಲ್ಲೆ. ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವ ಮೊದಲೇ 'ಯಾರ ಮಗ?' ಅನ್ನುತ್ತಾರೆ. ಹೊಳೆನರಸೀಪುರದವರಿಗಂತೂ ಯಾರ ಮಗ ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ. 1996ರಲ್ಲಿ ದೇಶಕ್ಕೇ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ಅದು. ಆಮೇಲೆ ಮಕ್ಕಳು ಮೊಮ್ಮಕ್ಕಳವರೆಗೆ ಓಟು ಒತ್ತಿ ಒತ್ತಿ ಬೆರಳು ಸವೆಸಿಕೊಂಡಿದೆ. ಇಂಥ ಸೀಮೆಯಲ್ಲಿ ನಿಂತು 'ವೀರ್ಯದಾನದಿಂದ ಹುಟ್ಟಿದ ಮಗುವಿಗೆ ಕಾನೂನಿನ ಪ್ರಕಾರ ಅಪ್ಪ ಯಾರು' ಎಂದು ಕೇಳುವುದೇ ಒಂದು ಸಾಹಸ. ಆದರೂ ಕೇಳಬೇಕಾಗಿದೆ. ಯಾಕೆಂದರೆ ಊರಿನ ಅರ್ಧ ಜನ ರಾತ್ರಿ ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ 'ಮಂಡಿನೋವು ತೋರಿಸಿಕೊಂಡು ಬರೋಕೆ' ಹೋಗುತ್ತಿದ್ದಾರೆ, ಅದೂ ಗಂಡ ಹೆಂಡತಿ ಜೋಡಿಯಾಗಿ. ಮದುವೆಯಾಗಿ ನಾಲ್ಕು ವರ್ಷಕ್ಕೇ ಇಬ್ಬರಿಗೂ ಒಟ್ಟಿಗೇ ಮಂಡಿ ಹೋಗುವ ಜಿಲ್ಲೆ ಬೇರೆ ಎಲ್ಲಿದೆ?

ಮೊದಲು ಕೊಟ್ಟಿಗೆಯ ಶಿಸ್ತನ್ನು ನೋಡಿಬಿಡಿ. ಹಸು ಬೆದೆಗೆ ಬಂದಿದೆ ಅಂತ ಬೆಳಗ್ಗೆ ಫೋನು ಹೋದರೆ, ಬಿಸಿಲೇರುವಷ್ಟರಲ್ಲಿ ಕೃತಕ ಗರ್ಭಧಾರಣೆ ಕಾರ್ಯಕರ್ತ ಬೈಕಿಗೆ ಕ್ಯಾನು ಕಟ್ಟಿಕೊಂಡು ಬರುತ್ತಾನೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಇಕ್ಕಳದಲ್ಲಿ ಒಂದು ಕಡ್ಡಿ ಎತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಒರೆಸುತ್ತಾನೆ. ಕಾಲು ಮಿಲಿಲೀಟರಿನ ಆ ಕಡ್ಡಿಯ ಮೈಮೇಲೆ ಹೋರಿಯ ನಂಬರು, ತಳಿ, ತಯಾರಾದ ದಿನ, ತಯಾರಿಸಿದ ಕೇಂದ್ರ ಎಲ್ಲವೂ ಅಚ್ಚಾಗಿರುತ್ತದೆ. ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರದ ಹೋರಿಗೆ ಇರುವಷ್ಟು ಬಯೋಡೇಟಾ ನಮ್ಮ ಎಷ್ಟೋ ಶಾಸಕರಿಗಿಲ್ಲ. ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ. ಎರಡೂ ನಂಬರು ಮೊಬೈಲಿಗೆ ಏರಿದರೆ ವಂಶಾವಳಿ ಸಿದ್ಧ. ಗೌಡರು ಕೇಳುವ ಪ್ರಶ್ನೆಯೂ ನೇರ: 'ಈ ಹೋರಿ ತಾಯಿ ಎಷ್ಟು ಲೀಟರ್ ಕರೀತಿತ್ತು?'

ಇನ್ನೊಂದು ಗಮನಿಸಿ. ಹಸು ಗಬ್ಬ ನಿಲ್ಲದಿದ್ದರೆ ಗೌಡರು ಮೊದಲು ಅನುಮಾನಿಸುವುದು ಕಡ್ಡಿಯನ್ನು. 'ಕಡ್ಡೀಲಿ ಜೀವ ಇರಲಿಲ್ಲ, ಬೇರೆ ಹಾಕ್ಸಿ' ಅನ್ನುತ್ತಾರೆ. ಅದೇ ಮನೆಯಲ್ಲಿ ಸೊಸೆ ಬಸಿರಾಗದಿದ್ದರೆ ಕಡ್ಡಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅವಳು ನಾಗರಕಟ್ಟೆ ಸುತ್ತುತ್ತಾಳೆ, ಸುಬ್ರಹ್ಮಣ್ಯಕ್ಕೆ ಹೋಗುತ್ತಾಳೆ, ಆರು ಸ್ಕ್ಯಾನು ಮಾಡಿಸಿಕೊಳ್ಳುತ್ತಾಳೆ. ಗಂಡನ ಒಂದು ಲ್ಯಾಬ್ ರಿಪೋರ್ಟು ಬರಲು ಅಷ್ಟೂ ದೇವರು ಮುಗಿಯಬೇಕು. ಬಂದ ರಿಪೋರ್ಟು ಬೀರುವಿನ ಒಳಗೆ, ಜಮೀನಿನ ಪತ್ರದ ಅಡಿಯಲ್ಲಿ.

ಇನ್ನು ಮನುಷ್ಯರ ವಿಷಯದಲ್ಲಿ ಸರ್ಕಾರದ ಚುರುಕುತನ. ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ 1978ರಲ್ಲೇ ದೇಶದ ಮೊದಲ ಪ್ರನಾಳ ಶಿಶುವನ್ನು ತೋರಿಸಿದರು. ಸರ್ಕಾರ ಸಮಿತಿ ಮಾಡಿತು, ಸಮಿತಿ ನಂಬಲಿಲ್ಲ, 1981ರಲ್ಲಿ ಆ ಮನುಷ್ಯ ಆತ್ಮಹತ್ಯೆ ಮಾಡಿಕೊಂಡರು. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಬಂದದ್ದು 2021ರಲ್ಲಿ, ಜಾರಿಯಾದದ್ದು 2022ರ ಜನವರಿ 25ರಂದು. ನಡುವಿನ ನಲವತ್ತು ಚಿಲ್ಲರೆ ವರ್ಷ ದೇಶದ ಪ್ರನಾಳ ಶಿಶುಗಳು ಮಾರ್ಗಸೂಚಿ ಮತ್ತು ದೇವರ ದಯೆಯಲ್ಲಿ ಹುಟ್ಟಿದರು.

ಬಂದ ಕಾಯ್ದೆ ಮಾತ್ರ ಒಂದು ವಿಷಯದಲ್ಲಿ ಗಟ್ಟಿಯಾಗಿ ಮಾತಾಡಿತು. 31ನೇ ಕಲಂ: ಚಿಕಿತ್ಸೆ ಬಯಸಿ ಬಂದ ದಂಪತಿಯದೇ ಮಗು, ಅದೂ ಅವರ ಜೈವಿಕ ಮಗು ಎಂದೇ ಪರಿಗಣಿಸತಕ್ಕದ್ದು, ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ದಾನಿಯ ವಯಸ್ಸು 21ರಿಂದ 55. ಒಬ್ಬ ದಾನಿಯ ವೀರ್ಯ ಒಂದೇ ದಂಪತಿಗೆ. ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ದಂಪತಿ ಬರೆದು ಸಹಿ ಹಾಕಬೇಕು. ಅಂದರೆ ಅಪ್ಪತನ ಎಂಬುದು ಒಂದು ಸಹಿ. ಆ ಸಹಿಗಿಂತ ಮೇಲಿನ ವೀರ್ಯ ಈ ದೇಶದಲ್ಲಿ ಇಲ್ಲ.

ಈ ಕಲಮಿನ ಸೊಗಸು ಗೊತ್ತಾಗಬೇಕಾದರೆ ಬಾಣಂತಿ ಕೋಣೆಗೆ ಹೋಗಬೇಕು. ಮಗು ಬಂದ ಮೂರನೇ ದಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, 'ಅಯ್ಯೋ, ಥೇಟ್ ಇವರ ತಾತನ ಮೂಗು ಕಣೇ!' ಅನ್ನುತ್ತಾಳೆ. ಮಗ ಕಿಟಕಿಯಾಚೆ ನೋಡುತ್ತಾನೆ. ಸೊಸೆ ಮಗುವಿನ ಟೋಪಿ ಸರಿಮಾಡುತ್ತಾಳೆ. ವಿಜ್ಞಾನದ ಪ್ರಕಾರ ಆ ಮೂಗು ಎಲ್ಲಿಯದೋ. ಆದರೆ ಅಜ್ಜಿ ಹೇಳಿದ್ದು ಕಾನೂನಿಗೆ ಅಕ್ಷರಶಃ ಸರಿ: ಜೈವಿಕ ಮಗು ಎಂದು ಪಾರ್ಲಿಮೆಂಟೇ ಪಾಸು ಮಾಡಿದ ಮೇಲೆ ಮೂಗು ಅದರ ಹೊರಗೆ ಉಳಿಯುತ್ತದೆಯೇ?

'ಬೀಜ ಯಾರದೋ, ಮಗ ಯಾರದೋ, ಇದೆಂಥ ಕಲಿಗಾಲ' ಎಂದು ಎಲೆ ಅಡಿಕೆ ಉಗಿಯುವವರಿಗೆ ನಮ್ಮ ಶಾಸ್ತ್ರಗಳ ಪರಿಚಯ ಕಡಿಮೆ. ಮನುಸ್ಮೃತಿ ಹನ್ನೆರಡು ಬಗೆಯ ಮಕ್ಕಳನ್ನು ಪಟ್ಟಿ ಮಾಡುತ್ತದೆ. ಹೆಂಡತಿಯಲ್ಲಿ ಬೇರೊಬ್ಬನಿಂದ ಪಡೆದ ಕ್ಷೇತ್ರಜ, ಮನೆಯಲ್ಲಿ ಗುಟ್ಟಾಗಿ ಹುಟ್ಟಿದ ಗೂಢಜ, ಮದುವೆಗೆ ಮೊದಲೇ ಹುಟ್ಟಿದ ಕಾನೀನ, ಬಸುರಿ ಹುಡುಗಿಯ ಜೊತೆಗೇ ಬಂದ ಸಹೋಢ, ಕೊಂಡುಕೊಂಡ ಮಗ, ತಾನಾಗಿಯೇ ಬಂದು 'ನಾನು ನಿನ್ನ ಮಗ' ಅಂದವನು. ಪಾಂಡುವಿನ ಐದೂ ಮಕ್ಕಳು ಅವನವಲ್ಲ, ಅವನೂ ವಿಚಿತ್ರವೀರ್ಯನವನಲ್ಲ. ಇಡೀ ಕುರುಕ್ಷೇತ್ರ ನಡೆದದ್ದು 31ನೇ ಕಲಮಿನ ಫಲಾನುಭವಿಗಳ ಆಸ್ತಿ ಪಾಲಿಗೆ.

ಈ ಗೊಂದಲವನ್ನೆಲ್ಲ ಸರಿಮಾಡಲು ಕೂತವರೂ ನಮ್ಮವರೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಬಂಗಾಳದ ಜೀಮೂತವಾಹನ ಪಿಂಡ ಇಡುವ ಸಂಬಂಧದಿಂದ ಸಪಿಂಡರನ್ನು ಗುರುತಿಸಿದರೆ, ನಮ್ಮ ವಿಜ್ಞಾನೇಶ್ವರ ಒಂದೇ ದೇಹದ ಕಣಗಳನ್ನು ಹಂಚಿಕೊಂಡವರು ಸಪಿಂಡರು ಎಂದ. ಒಂಬೈನೂರು ವರ್ಷದ ಹಿಂದೆಯೇ ಡಿಎನ್‌ಎ ಪರೀಕ್ಷೆಯ ಕಡೆ ವಾಲಿದ ಕನ್ನಡ ನಾಡಿನ ಪಂಡಿತ! ಬ್ರಿಟಿಷರು ಬಂದಾಗ ಅರ್ಧಕ್ಕಿಂತ ಹೆಚ್ಚು ದೇಶದ ಹಿಂದೂಗಳ ಆಸ್ತಿಯನ್ನು ಅವನ ವ್ಯಾಖ್ಯಾನದ ಪ್ರಕಾರ ಹಂಚಿದರು. ಅವನ ನಾಡಿನ ಮೊಮ್ಮಕ್ಕಳು ಈಗ ಕಣ ಒಬ್ಬನದು, ಪಹಣಿ ಇನ್ನೊಬ್ಬನದು ಎಂಬ ಫಾರಂಗೆ ಸಹಿ ಹಾಕುತ್ತಿದ್ದಾರೆ.

ಹಾಸನ ಜಿಲ್ಲೆಗೂ ಇದು ಹೊಸ ವಿಷಯವೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ 1965ರಲ್ಲಿ 'ವಂಶವೃಕ್ಷ' ಬರೆದರು. ಜೀವನವಿಡೀ ವಂಶದ ಶುದ್ಧಿಯನ್ನು ಹೊತ್ತು ತಿರುಗಿದ ಶ್ರೀನಿವಾಸ ಶ್ರೋತ್ರಿಗೆ, ತಾನು ತನ್ನ ತಂದೆಯ ಬೀಜವೇ ಅಲ್ಲ, ಆಸ್ತಿ ದಾಯಾದಿಗೆ ಹೋಗಬಾರದೆಂದು ಮಾಡಿದ ಏರ್ಪಾಡಿನ ಫಲ ಎಂದು ಮುದಿ ವಯಸ್ಸಿನಲ್ಲಿ ತಿಳಿಯುತ್ತದೆ. ಕಾದಂಬರಿ ಓದಿದವರು ಅತ್ತರು, ಸಿನಿಮಾ ಆಯಿತು, ಪ್ರಶಸ್ತಿ ಬಂತು. ಆದರೆ ಆ ಏರ್ಪಾಡಿಗೆ ಲಿಖಿತ ಒಪ್ಪಿಗೆ ಇರಲಿಲ್ಲ, ನೋಂದಾಯಿತ ಬ್ಯಾಂಕು ಇರಲಿಲ್ಲ ಎಂಬುದನ್ನು ಯಾವ ವಿಮರ್ಶಕನೂ ಎತ್ತಲಿಲ್ಲ. ಇವತ್ತಾಗಿದ್ದರೆ ಶ್ರೋತ್ರಿಗೆ ವಕೀಲರು ಸಮಾಧಾನ ಹೇಳುತ್ತಿದ್ದರು: 'ಸ್ವಾಮಿ, ನೀವು ಹುಟ್ಟಿದ್ದು ಮದುವೆ ಊರ್ಜಿತದಲ್ಲಿದ್ದಾಗ. ಮುಗೀತು. ಮನೆಗೆ ಹೋಗಿ ಸಂಧ್ಯಾವಂದನೆ ಮಾಡಿ.'

ವಕೀಲರ ಆ ಮಾತಿಗೆ ಆಧಾರ 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂ. ಮದುವೆ ಜಾರಿಯಲ್ಲಿರುವಾಗ, ಇಲ್ಲವೆ ಅದು ಮುರಿದ 280 ದಿನದೊಳಗೆ ಹುಟ್ಟಿದ ಮಗು ಆ ಗಂಡನದೇ. ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಬೇರೆ ಮಾತು. (ಹೋಲ್‌ಸ್ಟೀನ್ ಹಸು ಗಬ್ಬ ಹೊರುವುದೂ ಹೆಚ್ಚುಕಡಿಮೆ 280 ದಿನವೇ. ಕಾಯ್ದೆ ಬರೆದ ಬ್ರಿಟಿಷರು ಹೈನುಗಾರಿಕೆಯವರೇ ಇರಬೇಕು.) 2024ರ ಜುಲೈಯಿಂದ ಇದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಎಂದು ಹೊಸ ಹೆಸರು. ವಸಾಹತುಶಾಹಿ ಗುರುತು ಅಳಿಸುತ್ತೇವೆಂದು ಹೊರಟವರು 280 ದಿನವನ್ನು ಒಂದು ದಿನವೂ ಅಲ್ಲಾಡಿಸಲಿಲ್ಲ. ಕೇರಳದ ಒಬ್ಬ ಯುವಕ, ತನ್ನ ನಿಜವಾದ ತಂದೆ ಬೇರೊಬ್ಬ, ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ವರ್ಷಗಟ್ಟಲೆ ಅಲೆದ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮದುವೆಯೊಳಗೆ ಹುಟ್ಟಿದ್ದೀಯ, ಆ ಗಂಡನೇ ನಿನ್ನ ಅಪ್ಪ. ರಕ್ತ ಕೊಡಲು ಬಂದವನಿಗೆ ಮದುವೆ ಫೋಟೊ ತೋರಿಸಿ ಕಳಿಸಿದ ಹಾಗಾಯಿತು.

ನಗಬೇಡಿ. ಡಾಕ್ಟರಿಲ್ಲದೆ ಹೊರಟವರ ಪಾಡು ಇನ್ನೂ ಚೆನ್ನಾಗಿದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಇಬ್ಬರು ಹೆಂಗಸರು ಮಗು ಬೇಕೆಂದು ಜಾಹೀರಾತು ಹಾಕಿದರು. ಒಬ್ಬ ಪುಣ್ಯಾತ್ಮ ಪ್ಲಾಸ್ಟಿಕ್ ಕಪ್ಪಿನಲ್ಲಿ ದಾನ ಕೊಟ್ಟ, ತನಗೆ ಹಕ್ಕೂ ಬೇಡ ಹೊಣೆಯೂ ಬೇಡ ಎಂದು ಬರೆದೂ ಕೊಟ್ಟ. ಮುಂದೆ ಆ ಹೆಂಗಸರು ಸರ್ಕಾರದ ನೆರವು ಕೇಳಿದಾಗ ಸರ್ಕಾರ ನೇರ ಇವನ ಬಾಗಿಲಿಗೆ ಬಂತು. ಡಾಕ್ಟರ ಕೈ ಹಾಯ್ದು ಹೋಗದ ದಾನ ದಾನವೇ ಅಲ್ಲ, ನೀನೇ ಅಪ್ಪ, ಜೀವನಾಂಶ ಕಟ್ಟು ಎಂದು 2014ರಲ್ಲಿ ನ್ಯಾಯಾಧೀಶರು ಹೇಳಿದರು. ಎರಡು ವರ್ಷ ಬಿಟ್ಟು ಇನ್ನೊಬ್ಬ ನ್ಯಾಯಾಧೀಶರು ಬಿಡಿಸಿದರೆನ್ನಿ. ಅತ್ತ ನೆದರ್‌ಲೆಂಡ್ಸ್‌ನಲ್ಲಿ ಒಬ್ಬ 550ಕ್ಕೂ ಹೆಚ್ಚು ಮಕ್ಕಳಿಗೆ ಕಾರಣನಾಗಿರಬಹುದೆಂದು ತಿಳಿದು, 2023ರಲ್ಲಿ ಹೇಗ್ ನಗರದ ಕೋರ್ಟು ಇನ್ನು ಸಾಕು ಎಂದಿತು, ಮೀರಿದರೆ ಸಲಕ್ಕೆ ಒಂದು ಲಕ್ಷ ಯೂರೊ ದಂಡ. ಮನುಷ್ಯಮಾತ್ರನಾಗಿ ಹೆಸರಘಟ್ಟದ ಮಟ್ಟಕ್ಕೆ ಏರಲು ಹೊರಟ ಏಕೈಕ ವ್ಯಕ್ತಿ. ಒಬ್ಬ ದಾನಿಗೆ ಒಂದೇ ದಂಪತಿ ಎಂಬ ನಮ್ಮ ನಿಯಮವನ್ನು ಡಾಕ್ಟರುಗಳು ದಾನಿಗಳೇ ಸಿಗುವುದಿಲ್ಲ ಎಂದು ಬೈಯುತ್ತಾರೆ. ಬೈಯಲಿ. ಅರಸೀಕೆರೆ ಹುಡುಗನೂ ಬೇಲೂರಿನ ಹುಡುಗಿಯೂ ಛತ್ರದಲ್ಲಿ ಹಾರ ಬದಲಿಸಿಕೊಳ್ಳುವಾಗ ಇಬ್ಬರ ಮೂಗೂ ಒಂದೇ ಥರ ಇರುವುದಕ್ಕಿಂತ ಅದು ವಾಸಿ.

ಅಂಡದಾನದ ಕಥೆ ಇನ್ನೂ ಒಂದು ಕೈ ಮೇಲೆ. ಮುಂಬೈಯ ಒಬ್ಬ ಗಂಡ, ನಾದಿನಿ ಕೊಟ್ಟ ಅಂಡದಿಂದ, ಬಾಡಿಗೆ ತಾಯಿಯ ಮೂಲಕ ಅವಳಿ ಹೆಣ್ಣು ಮಕ್ಕಳನ್ನು ಪಡೆದ. ಆಮೇಲೆ ಹೆಂಡತಿಯನ್ನು ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೊರಟ. ಆ ಮನೆಯಲ್ಲೇ ನಾದಿನಿಯೂ ಬಂದು ಉಳಿದಳು. ಹೆಂಡತಿ ಮಕ್ಕಳನ್ನು ನೋಡಬೇಕೆಂದರೆ ಗಂಡನ ವಾದ: 'ಅಂಡ ಇವಳದಲ್ಲವಲ್ಲ, ಹೆತ್ತವಳೂ ಅಲ್ಲವಲ್ಲ, ಇವಳು ಯಾರು?' 2024ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ವಾದವನ್ನು ಕಿಟಕಿಯಿಂದಾಚೆ ಎಸೆದು, ದಾನಿ ಹೆಚ್ಚೆಂದರೆ ಅನುವಂಶೀಯ ತಾಯಿಯಾದಾಳು, ಕಾನೂನಿನ ತಾಯಿಯಾಗಲಾರಳು ಎಂದಿತು. ಬಾಯಲ್ಲಿ 'ರಕ್ತಸಂಬಂಧ' ಅನ್ನುವ ಗಂಡಸರು ಆ ಮಾತನ್ನು ಹೊರಗೆ ತೆಗೆಯುವುದು ಯಾವಾಗ ಎಂಬುದಕ್ಕೆ ಇಷ್ಟು ಸಾಕು. ರಿಪೋರ್ಟು ಇವರದಾಗಿದ್ದರೆ ರಕ್ತ ಬೀರುವಿನೊಳಗೆ. ರಿಪೋರ್ಟು ಅವಳದಾಗಿದ್ದರೆ ರಕ್ತ ಕೋರ್ಟಿನ ಕಟ್ಟೆ ಮೇಲೆ.

ದೆಹಲಿ ಹೈಕೋರ್ಟು 2024ರ ಅಕ್ಟೋಬರಿನಲ್ಲಿ, ತೀರಿಹೋದ ಅವಿವಾಹಿತ ಮಗ ಆಸ್ಪತ್ರೆಯಲ್ಲಿ ಶೇಖರಿಸಿಟ್ಟಿದ್ದ ವೀರ್ಯವನ್ನು ತಂದೆತಾಯಿಗೆ ಕೊಡಿ, ಅದೂ ಅವನ ಆಸ್ತಿಯೇ ಎಂದಿತು. ದುಃಖದಲ್ಲಿದ್ದ ಮುದುಕರಿಗೆ ನ್ಯಾಯ ಸಿಕ್ಕಿದ್ದಕ್ಕೆ ಸಂತೋಷ. ಆದರೆ ಹಾಸನದ ದಾಯಾದಿಗಳ ಕಿವಿಗೆ 'ವೀರ್ಯವೂ ಆಸ್ತಿ' ಎಂಬ ಮಾತು ಬೀಳದಿರಲಿ. ನಾಳೆಯೇ ತಹಸೀಲ್ದಾರರ ಮುಂದೆ ಪೌತಿ ಖಾತೆಗೆ ಅರ್ಜಿ ಬರುತ್ತದೆ, ಸರ್ವೆ ಮಾಡಿಸಿ ಹದ್ದುಬಸ್ತು ಗುರುತಿಸಿ ಎಂಬ ಬೇಡಿಕೆಯೊಡನೆ.

ನಮ್ಮ ಕರ್ನಾಟಕ ಹೈಕೋರ್ಟಿಗೂ ಇಂಥದೇ ಒಂದು ಕಣ್ಣೀರಿನ ಕೇಸು ಬಂದಿತ್ತು. ಇಪ್ಪತ್ತಮೂರು ವರ್ಷದ ಒಬ್ಬನೇ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿ, ಬಾಡಿಗೆ ತಾಯ್ತನಕ್ಕೆ ಅನುಮತಿ ಕೇಳಿದರು. ಬಾಡಿಗೆ ತಾಯ್ತನದ ಕಾಯ್ದೆ ಗಂಡನಿಗೆ 55 ವರ್ಷ ದಾಟಿರಬಾರದು ಅನ್ನುತ್ತದೆ, ಇವರು ದಾಟಿದ್ದರು. 2023ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಮೂರು ಪರೀಕ್ಷೆ ಇಟ್ಟು ದಾರಿ ತೋರಿಸಿದರು: ಅನುವಂಶೀಯ, ದೈಹಿಕ, ಆರ್ಥಿಕ. ಬೀಜ ನೆಟ್ಟಗಿದೆಯೇ, ಮಗುವನ್ನು ಎತ್ತಿ ಆಡಿಸುವ ಶಕ್ತಿ ಇದೆಯೇ, ಸಾಕಲು ದುಡ್ಡಿದೆಯೇ. ನ್ಯಾಯಮೂರ್ತಿಗಳದು ಮಾನವೀಯ ಮನಸ್ಸು, ಅದರಲ್ಲಿ ನನಗೆ ತಕರಾರಿಲ್ಲ. ಇದೇ ಮೂರು ಪರೀಕ್ಷೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಹೆರುವವರಿಗೂ ಇಟ್ಟಿದ್ದರೆ ಎಂದು ಮಾತ್ರ ಯೋಚನೆ. ನಮ್ಮಪ್ಪ ಆರ್ಥಿಕದಲ್ಲಿ ಫೇಲು, ನಿಮ್ಮಪ್ಪ ದೈಹಿಕದಲ್ಲಿ. ಈ ಬರಹ ಬರೆಯುವವನೂ ಇರುತ್ತಿರಲಿಲ್ಲ, ಓದುವವರೂ ಇರುತ್ತಿರಲಿಲ್ಲ.

ಕಾಯ್ದೆಗೆ ಮದುವೆ ಎಂದರೆ ಎಷ್ಟು ಪ್ರೀತಿ ಅಂದರೆ, ಬಾಡಿಗೆ ತಾಯ್ತನಕ್ಕೆ ಒಂಟಿ ಹೆಣ್ಣು ಬರಬೇಕಾದರೆ ಅವಳು ವಿಧವೆಯಾಗಿರಬೇಕು ಇಲ್ಲವೆ ವಿಚ್ಛೇದಿತೆಯಾಗಿರಬೇಕು, ಅದೂ 35ರಿಂದ 45ರೊಳಗೆ. ಒಂದು ಸಲ ಗಂಡನನ್ನು ಸಂಪಾದಿಸಿ, ಸರಿಯಾದ ವಯಸ್ಸಿಗೆ ಕಳೆದುಕೊಂಡ ಪ್ರಮಾಣಪತ್ರ ಬೇಕು. ಮದುವೆಯೇ ಬೇಡ ಎಂದವಳು ವೀರ್ಯ ಬ್ಯಾಂಕಿಗೆ ಹೋಗಬಹುದು, ಬಾಡಿಗೆ ತಾಯಿಯ ಬಳಿ ಹೋಗುವಂತಿಲ್ಲ. ಒಂಟಿ ಗಂಡಸಿಗೆ ಎರಡೂ ಬಾಗಿಲು ಮುಚ್ಚಿವೆ. ಹೀಗೆ ಬ್ಯಾಂಕಿನಿಂದ ತಾಯಿಯಾದವಳು ಜನನ ನೋಂದಣಿ ಕಚೇರಿಗೆ ಹೋದರೆ ಅಲ್ಲಿ ಕಾದಿರುವುದು 'ತಂದೆಯ ಹೆಸರು' ಎಂಬ ಖಾಲಿ ಗೆರೆ. ಕೇರಳದಲ್ಲಿ ಅಂಥ ಒಬ್ಬ ತಾಯಿ ಕೋರ್ಟಿಗೆ ಹೋದದ್ದರಿಂದ, ಇವರಿಗೆ ಆ ಗೆರೆಯೇ ಇಲ್ಲದ ಬೇರೆ ಫಾರಂ ಮಾಡಿ ಎಂದು 2021ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟು ಸರ್ಕಾರಕ್ಕೆ ಹೇಳಿತು. ಭಾಷೆ ವಿಷಯಕ್ಕೆ ತಿರುವನಂತಪುರವನ್ನು ಶಪಿಸುತ್ತಲೇ ಇರುವ ನಮ್ಮ ಕಾಸರಗೋಡಿನ ಕನ್ನಡ ಹೆಣ್ಣುಮಕ್ಕಳಿಗೆ ಆ ಒಂದು ಲಾಭವಾದರೂ ಆಯಿತು.

ಇಷ್ಟೆಲ್ಲ ಗೇಲಿ ಮಾಡಿದ ಮೇಲೆ ನನ್ನ ಪಕ್ಷವನ್ನೂ ಹೇಳಿಬಿಡಬೇಕು. ಅಪ್ಪ ಎಂದರೆ ಸಹಿ ಎಂಬ ಕಾನೂನಿನ ತೀರ್ಮಾನ ಸರಿಯಾಗಿದೆ. ಶಾಲೆಯ ಫೀಸು ಕಟ್ಟಿದವನು, ಜ್ವರದ ರಾತ್ರಿ ಎದ್ದು ಕೂತವನು, ತಿಳಿದೂ ತಿಳಿದೂ ಸಹಿ ಹಾಕಿದವನು ಅಪ್ಪ. ಸಾವಿರ ಡಿಎನ್‌ಎ ತಂದರೂ ಅವನನ್ನು ಆ ಕುರ್ಚಿಯಿಂದ ಎಬ್ಬಿಸಬಾರದು. ಹಾಗೆಯೇ ದಾನ ಕೊಟ್ಟವನ ಬಾಗಿಲಿಗೆ ಜೀವನಾಂಶದ ನೋಟಿಸೂ ಹೋಗಬಾರದು. ಇಲ್ಲಿಯವರೆಗೆ ಪಾರ್ಲಿಮೆಂಟು ಪಾಸು.

ಅದು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಈ ಇಡೀ ವ್ಯವಹಾರದಲ್ಲಿ ದಂಪತಿಯ ಸಹಿ ಇದೆ, ದಾನಿಯ ಸಹಿ ಇದೆ, ಡಾಕ್ಟರ ಸಹಿ ಇದೆ. ಸಹಿ ಕೇಳದೆ ಹುಟ್ಟಿಸಿದ್ದು ಮಗುವನ್ನು ಮಾತ್ರ. ಅದಕ್ಕೆ ಹದಿನೆಂಟು ತುಂಬಿ, ಡಾಕ್ಟರರ ಮುಂದೆ ಕೂತಾಗ 'ನಿಮ್ಮ ತಂದೆ ಕಡೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದೆಯಾ?' ಎಂದು ಕೇಳಿದರೆ ಅದು ಮೂಗಿನ ತಾತನ ಕಾಯಿಲೆಗಳನ್ನು ಹೇಳುತ್ತದೆ. ಸ್ವೀಡನ್ ದೇಶ 1985ರಿಂದಲೇ ಮಗು ದೊಡ್ಡದಾದ ಮೇಲೆ ದಾನಿ ಯಾರೆಂದು ತಿಳಿಯಬಹುದು ಎಂದು ಕಾನೂನು ಮಾಡಿತು. 2005ರ ಏಪ್ರಿಲ್‌ನಿಂದೀಚೆಗೆ ದಾನ ಕೊಟ್ಟವರ ಹೆಸರನ್ನು ಬ್ರಿಟನ್ನಿನ ಮಕ್ಕಳು ಹದಿನೆಂಟಕ್ಕೆ ಕೇಳಬಹುದು. ಅಲ್ಲೆಲ್ಲ ಅಪ್ಪಂದಿರ ಕುರ್ಚಿ ಅಲ್ಲಾಡಿಲ್ಲ.

ನಮ್ಮಲ್ಲೂ ಮಾಹಿತಿ ಇಲ್ಲದೆ ಏನಿಲ್ಲ. ಕ್ಲಿನಿಕ್ಕು ಮತ್ತು ಬ್ಯಾಂಕು ಕನಿಷ್ಠ 10 ವರ್ಷ ದಾಖಲೆ ಇಟ್ಟುಕೊಂಡು, ಆಮೇಲೆ ರಾಷ್ಟ್ರೀಯ ನೋಂದಣಿಗೆ ಒಪ್ಪಿಸಬೇಕು ಎಂದು ಸಂತಾನೋತ್ಪತ್ತಿ ನೆರವಿನ ಕಾಯ್ದೆಯೇ ಹೇಳುತ್ತದೆ. ಸರ್ಕಾರದ ಬಳಿ ಎಲ್ಲ ಇರುತ್ತದೆ. ಯಾರ ಬಗ್ಗೆ ಇದೆಯೋ ಅವರಿಗೆ ಕೇಳುವ ಹಕ್ಕಿಲ್ಲ. 2010ರ ಕರಡಿನಲ್ಲಿ, ದಾನಿಯ ಗುರುತು ಬಿಟ್ಟು ಉಳಿದ ವಿವರವನ್ನು ಹದಿನೆಂಟು ತುಂಬಿದ ಮಗು ಕೇಳಬಹುದು ಎಂಬ ಕಲಂ ಇತ್ತು. 2021ರಲ್ಲಿ ಪಾಸಾದ ಕಾಯ್ದೆಯಲ್ಲಿ ಅದಿಲ್ಲ. ಮುಂದಿನ ಸಲ ನಿಮ್ಮ ಸಂಸದರು ಓಟು ಕೇಳಲು ಬಂದಾಗ, ಅವರು ಯಾರ ಮಗನೋ ಆಗಿರಲಿ, ಆ ಕಲಂ ಎಲ್ಲಿ ಹೋಯಿತು ಎಂದು ಕೇಳಿ.